ಪಕ್ಕದ ಮನೆಯ ಕೂಗು



ಕೊಳ್ಳೇಗಾಲ, ಹನೂರು, ಯಳಂದೂರಿನ ನಮ್ಮ ಸಂಘಗಳಲ್ಲಿ ಸಭೆಗೆ ಬಾರದವಳ ದಂಡವನ್ನು ತಪ್ಪದೆ ಬರೆಯುತ್ತೇವೆ. ಯಾಕೆ ಬರಲಿಲ್ಲ ಅಂತ ಕೇಳ್ತೀವಾ? ರಾತ್ರಿ ಪಕ್ಕದ ಮನೆಯಿಂದ ಕೂಗು ಕೇಳಿದರೆ "ಗಂಡ ಹೆಂಡಿರ ಜಗಳ, ನಮಗ್ಯಾಕೆ" ಅಂತ ಬಾಗಿಲು ಹಾಕಿಕೊಳ್ಳುತ್ತೇವೆ. ಉಂಡು ಮಲಗೋ ತನಕ ಅನ್ನೋ ಗಾದೆ ಜಗಳಕ್ಕೆ ಸರಿ, ಹೊಡೆತಕ್ಕಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ 4ನೇ ಕಲಂ ಪ್ರಕಾರ, ಹಿಂಸೆಯ ವಿಷಯವನ್ನು ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಒಳ್ಳೆಯ ಮನಸ್ಸಿನಿಂದ ತಿಳಿಸಿದವರ ಮೇಲೆ ಕೇಸು ಬರುವುದಿಲ್ಲ. ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಓ. ಅವರೇ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿ, ಕಛೇರಿ ಎಲ್ಲಿದೆ ಅಂತ ಹೇಳುತ್ತಾರೆ. ಸಹಾಯಕ್ಕೆ 181, ಪೊಲೀಸರಿಗೆ 112.

ಈ ಸಭೆಯಲ್ಲಿ ಒಬ್ಬೊಬ್ಬರೂ ಮಾತು ಕೊಡೋಣ: ಕೂಗು ಕೇಳಿದರೆ ಇಬ್ಬರಾದರೂ ಹೋಗಿ ಬಾಗಿಲು ತಟ್ಟುತ್ತೇವೆ. ಮರುದಿನ ಅವಳನ್ನು ಒಬ್ಬಳನ್ನೇ ಕಂಡು ಮಾತಾಡಿಸುತ್ತೇವೆ. ಅವಳು ಒಪ್ಪಿದ ಮೇಲೆ ದೂರು. ಜೀವಕ್ಕೆ ಅಪಾಯವಿದ್ದರೆ ಮಾತ್ರ ಕಾಯುವುದು ಬೇಡ. ಅವಳ ಹೆಸರನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಡಿ, ಆ ಪುಸ್ತಕ ಊರೆಲ್ಲಾ ಓಡಾಡುತ್ತೆ.