ಕಾಲಿಗೆ ಜೋಮು ಹಿಡಿದಾಗ

ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತು ಎದ್ದರೆ ಕಾಲು ನಮ್ಮದೇ ಅಲ್ಲವೆನಿಸುತ್ತದೆ. ಆಮೇಲೆ ಇರುವೆ ಹರಿದಂತೆ ಜುಮುಗುಟ್ಟುತ್ತದೆ. ಈ ಮರಗಟ್ಟುವಿಕೆಗೆ ಯುನಾನಿಯಲ್ಲಿ ‘ಖದರ್’ ಎನ್ನುತ್ತೇವೆ. ‘ರಕ್ತ ನಿಂತುಹೋಯಿತು’ ಎಂದು ಹೇಳುವವರೇ ಹೆಚ್ಚು. ಅದು ಅರ್ಧ ನಿಜ, ಉಳಿದರ್ಧ ನರದೊಳಗಿದೆ.

ಸುಮ್ಮನಿರುವ ನರಕೋಶದ ಒಳಗೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತದೆ. ಸಂದೇಶ ಬಂದಾಗ ಪೊರೆಯ ಸಣ್ಣ ಬಾಗಿಲುಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಕ್ಷಣಮಾತ್ರ ವೋಲ್ಟೇಜ್ ತಿರುಗುಮುರುಗಾಗುತ್ತದೆ. ಕೂಡಲೇ ಆ ಬಾಗಿಲು ಮುಚ್ಚಿ, ಪೊಟ್ಯಾಸಿಯಂ ಹೊರಹೋಗಿ, ಮೊದಲಿನ ಸ್ಥಿತಿ ಮರಳುತ್ತದೆ. ಎಲ್ಲ ಒಂದೆರಡು ಮಿಲಿಸೆಕೆಂಡಿನ ಕೆಲಸ. ಬಾಗಿಲು ಮತ್ತೆ ಸಜ್ಜಾಗುವವರೆಗೆ ಆ ಜಾಗ ಇನ್ನೊಂದು ಸಂದೇಶ ಕಳಿಸದು. ಈ ಬಿಡುವಿನಿಂದಲೇ ಸಂದೇಶ ಹಿಂದಕ್ಕೆ ತಿರುಗದೆ ಮುಂದಕ್ಕೆ ಸಾಗುತ್ತದೆ.

ಒಳಬಂದ ಸೋಡಿಯಂ ಹೊರಹಾಕಲು ಪೊರೆಯಲ್ಲೇ ಪಂಪುಗಳಿವೆ: 3 ಸೋಡಿಯಂ ಹೊರಗೆ, 2 ಪೊಟ್ಯಾಸಿಯಂ ಒಳಗೆ. ಹಗಲಿರುಳು ದುಡಿಯುವ ಇವಕ್ಕೆ ರಕ್ತ ತರುವ ಆಮ್ಲಜನಕ ಬೇಕು. ನರ ಅಮುಕಿದರೆ ಅದರ ಸಣ್ಣ ರಕ್ತನಾಳಗಳೂ ಅಮುಕಿ, ಪಂಪು ಸೋತು, ಸಂದೇಶ ನಿಲ್ಲುತ್ತದೆ. ಭಾರ ಬಿಟ್ಟಾಗ ನರ ಚೇತರಿಸಿಕೊಳ್ಳುತ್ತಾ ಅಡ್ಡಾದಿಡ್ಡಿ ಸಂದೇಶ ಕಳಿಸುತ್ತದೆ. ಅದೇ ಜುಮುಜುಮು. ಕಾಲು ಚಾಚಿ ಕೂರಿ. ಸ್ಪರ್ಶ ಮರಳುವ ಮುನ್ನ ಓಡಾಡಬೇಡಿ, ಬಿಸಿನೀರು ಸುರಿಯಬೇಡಿ, ಸುಟ್ಟರೂ ಗೊತ್ತಾಗದು.

ಒತ್ತಡವಿಲ್ಲದೆಯೇ ಎರಡೂ ಪಾದಗಳಿಗೆ ದಿನವೂ ಬರುವ ಜೋಮು ಬೇರೆ. ಮನೆಯ ಹಿರಿಯರು ‘ಚಪ್ಪಲಿ ಕಳಚಿದ್ದೇ ಗೊತ್ತಾಗಲಿಲ್ಲ’ ಎಂದರೆ ನಗಬೇಡಿ. ಸಕ್ಕರೆ ಪರೀಕ್ಷೆ ಮಾಡಿಸಿ. ದೇಹದ ಒಂದೇ ಬದಿ ಹಠಾತ್ತನೆ ಮರಗಟ್ಟಿದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ನನ್ನಂಥವರ ದವಾಖಾನೆಗೂ ಬೇಡ, ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.