ಮಾಡಿನ ದಂಬೆಗಳ ದುರಸ್ತಿಯೂ ಮಳೆನೀರಿನ ವಿಲೇವಾರಿಯೂ
(ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳ ಜಮೀನುದಾರರ ಮತ್ತು ಊರ ಮುಖಂಡರ ತಿಳಿವಳಿಕೆಗಾಗಿ)

೧. ಪೀಠಿಕೆ

ಘಟ್ಟದ ಕೆಳಗಿನ ಈ ಮೂರು ತಾಲೂಕುಗಳಲ್ಲಿ ವರ್ಷಕ್ಕೆ ಬೀಳುವ ಮಳೆಯು ಸಾಮಾನ್ಯವಾಗಿ ೩೦೦೦ ಮಿಲಿಮೀಟರಿಗೆ ಕಡಮೆಯಾಗುವುದಿಲ್ಲವೆಂಬುದೂ, ಅದರಲ್ಲಿ ಬಹುಭಾಗವು ಜೂನ್ ಮೊದಲುಗೊಂಡು ಸೆಪ್ಟೆಂಬರ್ ಕಡೆಯವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುವುದೆಂಬುದೂ ಸರ್ವರಿಗೂ ವಿದಿತವಾದ ವಿಷಯವು. ನಮ್ಮ ಹಿರಿಯರು ಇದನ್ನರಿತೇ ಮನೆ ಕಟ್ಟಿದರು. ಹದಿನಾರನೆಯ ಶತಮಾನದಲ್ಲಿ ಕಟ್ಟಲ್ಪಟ್ಟ ಭಟ್ಕಳದ ಕೇತಪೈ ನಾರಾಯಣ ದೇವಸ್ಥಾನದಲ್ಲಿ ಕಲ್ಲಿನ ಚಪ್ಪಡಿಗಳನ್ನು ಸಹ ಹುಲ್ಲುಮಾಡಿನಂತೆ ಇಳಿಜಾರಾಗಿ ಹೊದಿಸಿರುವುದನ್ನು ಇಂದಿಗೂ ನೋಡಬಹುದು. ಕಲ್ಲಾಗಲಿ ಹುಲ್ಲಾಗಲಿ, ನೀರು ನಿಲ್ಲದೆ ಇಳಿಯಬೇಕು, ಗೋಡೆಯಿಂದ ದೂರ ಬೀಳಬೇಕು ಎಂಬುದೇ ಈ ಸೀಮೆಯ ಕಟ್ಟಡದ ಮೂಲಸೂತ್ರವು.

೧೮೬೫ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರ ಹಂಚಿನ ಕಾರ್ಖಾನೆಯು ಆರಂಭವಾದ ತರುವಾಯ ಮಂಗಳೂರು ಹಂಚು ಕರಾವಳಿಯ ಊರೂರಿಗೂ ಹಬ್ಬಿತು. ಹುಲ್ಲಿನ ಮಾಡಿಗಿಂತ ಹಂಚಿನ ಮಾಡು ನೀರನ್ನು ಬೇಗನೆ ಇಳಿಸುವುದರಿಂದ ಸೂರಿನ ಕೆಳಗೆ ಬೀಳುವ ಧಾರೆಯ ಬಲವು ಹೆಚ್ಚು. ಆ ಧಾರೆಯನ್ನು ಹಿಡಿದು ದೂರಕ್ಕೆ ಒಯ್ಯಲು ಅಡಿಕೆಯ ಮರವನ್ನು ಸೀಳಿ, ತಿರುಳು ತೆಗೆದು ಕಟ್ಟಿದ ದಂಬೆಗಳು ಹಿಂದಿನಿಂದ ಬಳಕೆಯಲ್ಲಿವೆ. ಈಗ ತಗಡಿನವೂ ಪ್ಲಾಸ್ಟಿಕ್ಕಿನವೂ ಬಂದಿವೆ. ವಸ್ತುವು ಯಾವುದಾದರೂ ಈ ಪತ್ರಿಕೆಯಲ್ಲಿ ಅದನ್ನು ದಂಬೆಯೆಂದೇ ಕರೆದಿದೆ.

ದಂಬೆಯನ್ನು ಕಟ್ಟಿದ ಮಾತ್ರಕ್ಕೆ ಯಜಮಾನನ ಕರ್ತವ್ಯವು ಮುಗಿಯಲಿಲ್ಲ. ಹಂಚಿನಿಂದ ಇಳಿದ ನೀರು ಹಳ್ಳವನ್ನೋ ಕಟ್ಟುಗಟ್ಟಾದ ಗಟಾರವನ್ನೋ ಸೇರುವ ತನಕ ಅದಕ್ಕೆ ದಾರಿಯನ್ನು ಒದಗಿಸತಕ್ಕದ್ದು. ನಡುವೆ ಕೈಬಿಟ್ಟ ನೀರು ಒಂದೋ ತನ್ನ ಮನೆಯ ಬುಡವನ್ನು, ಇಲ್ಲವೆ ನೆರೆಯವನ ಧರೆಯನ್ನು ಕೊರೆಯುವುದು. ಇದೇ ಈ ಪತ್ರಿಕೆಯ ಮುಖ್ಯ ಅಭಿಪ್ರಾಯವು.

೨. ಮಾಡಿನ ನೀರಿನ ಲೆಕ್ಕ

ಒಂದು ಚದರ ಮೀಟರು ಸ್ಥಳದಲ್ಲಿ ಒಂದು ಮಿಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. ನೆಲದ ಅಳತೆಯಲ್ಲಿ ೧೦೦ ಚದರ ಮೀಟರು ಮುಚ್ಚುವ ಮಾಡಿನ ಮೇಲೆ ೧೦೦ ಮಿಲಿಮೀಟರು ಮಳೆ ಬಿದ್ದ ದಿನ ಇಳಿಯುವ ನೀರು ೧೦,೦೦೦ ಲೀಟರು. ಆರಿದ್ರಾ, ಪುನರ್ವಸು ಮಳೆಗಳಲ್ಲಿ ಇಂಥ ದಿನಗಳು ನಮಗೆ ಹೊಸವಲ್ಲ.

ಆದರೆ ದಂಬೆಯನ್ನು ಸೋಲಿಸುವುದು ದಿನದ ಮೊತ್ತವಲ್ಲ, ಗಳಿಗೆಯ ಜೋರು. ಗಂಟೆಗೆ ೧೦೦ ಮಿಲಿಮೀಟರಿನ ವೇಗದಲ್ಲಿ ಮಳೆ ಹೊಡೆಯುವಾಗ ೫೦ ಚದರ ಮೀಟರಿನ ಒಂದು ಮಗ್ಗುಲಿನಿಂದ ನಿಮಿಷಕ್ಕೆ ಸುಮಾರು ೮೩ ಲೀಟರು, ಅಂದರೆ ೧೨ ಲೀಟರು ಹಿಡಿಯುವ ಕೊಡದಲ್ಲಿ ಏಳು ಕೊಡ ನೀರು ಇಳಿಯುವುದು. ನಾಲ್ಕು ಅಂಗುಲ ಅಗಲದ ಅರೆಗೋಲ ದಂಬೆಯು ಇದನ್ನು ಸಾಗಿಸಲಾರದು. ಆದಕಾರಣ ಈ ಸೀಮೆಯಲ್ಲಿ ಆರು ಅಂಗುಲಕ್ಕೆ ಕಡಮೆಯಾದ ದಂಬೆಯನ್ನು ದೊಡ್ಡ ಮಾಡಿಗೆ ಕಟ್ಟಬಾರದು.

೩. ಕೆಟ್ಟ ದಂಬೆಯಿಂದಾಗುವ ಹಾನಿ

(ಅ) ತುಂಬಿ ಒಳಬದಿಗೆ ಚೆಲ್ಲಿದ ನೀರು ಪಕಾಸಿಗಳ ತುದಿಯನ್ನೂ ರೀಪುಗಳನ್ನೂ ನೆನೆಸುವುದು. ನೆನೆದ ಮರವು ಕೊಳೆಯುವುದಲ್ಲದೆ ಒರಲೆಗೂ ಆಹಾರವಾಗುವುದು.

(ಆ) ಸೂರಿನ ನೀರು ಅಂಗಳಕ್ಕೆ ಬಡಿದು ಗೋಡೆಯ ಬುಡಕ್ಕೆ ಎರಚುವುದು. ಚೀರೆಕಲ್ಲು ತಾನು ಗಟ್ಟಿಯಾದರೂ ಮಣ್ಣಿನಿಂದ ಕಟ್ಟಿದ ಅದರ ಸಂದುಗಳು ಕರಗುವುವು. ಮಣ್ಣಿನ ಗೋಡೆಯಾದರೆ ಹೇಳತಕ್ಕದ್ದೇ ಇಲ್ಲ. ತೇವವು ಒಳಗೇರಿ ಗೋಡೆಗೆ ತಾಗಿಸಿಟ್ಟ ಬೀಜದ ಬತ್ತಕ್ಕೂ ಅಡಿಕೆಯ ಚೀಲಕ್ಕೂ ಬೂಸಲು ಹಿಡಿಯುವುದು.

(ಇ) ಕೊಟ್ಟಿಗೆಯ ಮಾಡಿನ ನೀರು ಗೊಬ್ಬರಗುಂಡಿಗೆ ಬಿದ್ದರೆ, ವರ್ಷವೆಲ್ಲ ಸೊಪ್ಪು ತಂದು ಹಾಸಿ ಕೂಡಿಹಾಕಿದ ಗೊಬ್ಬರದ ಸಾರಜನಕವೂ ಪೊಟ್ಯಾಷೂ ತೊಳೆದು ಹಳ್ಳ ಸೇರುವುವು. ಮನೆಗೆ ದಂಬೆ ಕಟ್ಟಿ ಕೊಟ್ಟಿಗೆಯನ್ನು ಹಾಗೆಯೇ ಬಿಡುವ ರೈತರು ಈ ನಷ್ಟವನ್ನು ಗಮನಿಸತಕ್ಕದ್ದು.

(ಈ) ದಂಬೆಯಲ್ಲಿ ಎಲೆ ಕೊಳೆತು ವಾರಕಾಲ ನೀರು ನಿಂತರೆ ಡೆಂಗೀ ಜ್ವರವನ್ನು ಹರಡುವ ಸೊಳ್ಳೆಯು ಅಲ್ಲಿಯೇ ಹುಟ್ಟುವುದು.

(ಉ) ಎಲ್ಲಕ್ಕಿಂತ ಭಯಂಕರವಾದುದು ಮನೆಯ ಹಿಂದಿನ ಧರೆಗೆ ನೀರಿಳಿಯುವುದು. ಇದನ್ನು ೭ನೆಯ ಭಾಗದಲ್ಲಿ ವಿವರಿಸಿದೆ.

೪. ಪರೀಕ್ಷೆಯ ಕಾಲ ಮತ್ತು ಕ್ರಮ

ಬೆಂಕಿ ಬಿದ್ದಾಗ ಬಾವಿ ತೋಡಿದಂತೆ ಮೃಗಶಿರಾ ಮಳೆ ಹಿಡಿದ ಮೇಲೆ ಏಣಿ ಹುಡುಕುವುದು ಜಾಣತನವಲ್ಲ. ಯುಗಾದಿ ಕಳೆದ ಮೇಲೆ, ಹಂಚು ಕೈಯಾಡಿಸುವ ಕಾಲದಲ್ಲಿಯೇ ದಂಬೆಗಳನ್ನೂ ನೋಡತಕ್ಕದ್ದು. ರೋಹಿಣಿ ಮಳೆಯೊಳಗೆ, ಅಂದರೆ ಮೇ ತಿಂಗಳ ಕಡೆಯ ವಾರದೊಳಗೆ ಎಲ್ಲ ಕೆಲಸವೂ ಮುಗಿದಿರಬೇಕು. ಮಳೆಗಾಲದ ನಡುವೆ ಹೊಳವು ಸಿಕ್ಕಿದಾಗ ಒಮ್ಮೆ, ಹಸ್ತಾ ಚಿತ್ತಾ ಮಳೆಗಳು ಮುಗಿದ ಮೇಲೆ ಮತ್ತೊಮ್ಮೆ ಕಸ ತೆಗೆಯಬೇಕು.

ಮೊದಲು ಎಲೆ, ಪಾಚಿ, ಹಂಚಿನ ಚೂರುಗಳನ್ನು ಕೈಯಿಂದ ಬಳಿದು ಬುಟ್ಟಿಯಲ್ಲಿ ಇಳಿಸಬೇಕು. ಇಳಿಗೊಳವೆಯೊಳಕ್ಕೆ ತಳ್ಳಬಾರದು. ಅನಂತರ ದಂಬೆಯ ಎತ್ತರದ ತುದಿಯಲ್ಲಿ ಎರಡು ಕೊಡ ನೀರು ಹೊಯ್ದು ನೋಡುವುದು. ನೀರು ಎಲ್ಲಿಯೂ ನಿಲ್ಲದೆ, ಹನಿಯದೆ ಕೊಳವೆಯನ್ನು ಸೇರಿದರೆ ದಂಬೆ ಸರಿಯಿದೆ. ನಿಂತರೆ ಅಲ್ಲಿ ಕೊಕ್ಕೆ ಜಗ್ಗಿದೆ, ಹನಿದರೆ ಸಂದು ಬಿಟ್ಟಿದೆ, ಮೇಲೆ ತುಂಬಿ ಕೆಳಗೆ ಬಾರದಿದ್ದರೆ ಕೊಳವೆ ಕಟ್ಟಿದೆ ಎಂದು ತಿಳಿಯತಕ್ಕದ್ದು.

ಪಾಚಿ ಹಿಡಿದ ಹಂಚಿನ ಮೇಲೆ ಕಾಲಿಡಬಾರದು. ಏಣಿಯ ಬುಡವನ್ನು ಒಬ್ಬನು ಹಿಡಿದಿರಬೇಕು. ಸೂರಿನ ಬಳಿ ಹಾಯುವ ವಿದ್ಯುತ್ ತಂತಿಯನ್ನು ಮೊದಲೇ ನೋಡಿಕೊಳ್ಳಬೇಕು.

೫. ದುರಸ್ತಿಯೋ ಬದಲಾವಣೆಯೋ?

ಒಂದೆರಡು ಕಡೆ ಮಾತ್ರ ತೂತಾದ ತಗಡಿನ ದಂಬೆಯ ತುಕ್ಕನ್ನು ಕೆರೆದು, ಒಣಗಿಸಿ, ತುಕ್ಕುನಿರೋಧಕ ಬಣ್ಣ ಬಳಿದು, ಒಳಗಿನಿಂದ ತೇಪೆ ಹಾಕಬಹುದು. ಆ ನೀರನ್ನು ಬಾವಿಗೆ ಬಿಡುವುದಾದರೆ ಡಾಂಬರನ್ನು ಬಳಸಬಾರದು. ಮೊಳೆಯ ಮೊನೆಯಿಂದ ಒತ್ತಿದಾಗ ಹಲವು ಕಡೆ ತಗಡು ತೂತಾದರೆ ತೇಪೆಗೆ ಹಾಕುವ ದುಡ್ಡು ವ್ಯರ್ಥ, ಹೊಸದನ್ನೇ ಕಟ್ಟತಕ್ಕದ್ದು. ಬಿಸಿಲಿಗೆ ಪೆಡಸಾಗಿ ಬಿರಿದ ಪ್ಲಾಸ್ಟಿಕ್ ದಂಬೆಯೂ, ತುದಿ ಮೆತ್ತಗಾದ ಅಡಿಕೆಯ ದಂಬೆಯೂ ಇದೇ ವರ್ಗಕ್ಕೆ ಸೇರಿದವು. ಕಲ್ನಾರು ಬೆರೆತ ಹಳೆಯ ಸಿಮೆಂಟಿನ ದಂಬೆಗಳನ್ನು ಗರಗಸದಿಂದ ಕೊಯ್ಯುವುದಾಗಲಿ ಒಣಗಿದಾಗ ಒಡೆಯುವುದಾಗಲಿ ಕೂಡದು. ಆ ಧೂಳು ಶ್ವಾಸಕೋಶಕ್ಕೆ ಮಾರಕವು.

ವಸ್ತುವನ್ನು ಆರಿಸುವಾಗ ಸಮುದ್ರದ ಉಪ್ಪುಗಾಳಿಯನ್ನು ಮರೆಯಬಾರದು. ದಂಡೆಗೆ ಹತ್ತಿರದ ಊರುಗಳಲ್ಲಿ ಸತುವಿನ ಲೇಪದ ತಗಡು ಒಳನಾಡಿನಷ್ಟು ಬಾಳದು. ಅಲ್ಯುಮಿನಿಯಮ್ ಬಾಳಿಕೆಯದಾದರೂ ಅದಕ್ಕೆ ತಾಮ್ರದ ಮೊಳೆ, ತಂತಿಗಳನ್ನು ತಾಗಿಸಿದರೆ ಉಪ್ಪುತೇವದಲ್ಲಿ ಬೇಗನೆ ಸವೆಯುವುದು. ಪ್ಲಾಸ್ಟಿಕ್ಕಿಗೆ ತುಕ್ಕಿಲ್ಲ, ಆದರೆ ಬಿಸಿಲಿಗೆ ಹಿಗ್ಗುವುದು. ೪ ಮೀಟರು ಉದ್ದದ ತುಂಡು ೩೦ ಡಿಗ್ರಿ ಶಾಖದ ಏರಿಳಿತಕ್ಕೆ ಸುಮಾರು ೮ ಮಿಲಿಮೀಟರು ಹಿಗ್ಗಿ ಕುಗ್ಗುವುದರಿಂದ, ಸಂದುಗಳಲ್ಲಿ ಅಷ್ಟು ಎಡೆ ಬಿಡದಿದ್ದರೆ ಬಿರಿಯುವುದು ನಿಶ್ಚಯ.

೬. ಹೊಸ ದಂಬೆಯನ್ನು ಕಟ್ಟುವ ಕ್ರಮ

(ಅ) ಇಳಿಜಾರು: ಪ್ರತಿ ಹತ್ತು ಅಡಿಗೆ ಅರ್ಧ ಅಂಗುಲ ತಗ್ಗು ಸಾಕು. ನೂಲು ಹಿಡಿದು ಗುರುತು ಮಾಡಿಕೊಳ್ಳತಕ್ಕದ್ದು. ದಂಬೆಯು ಉದ್ದವಾದರೆ ನಡುವನ್ನು ಎತ್ತರಿಸಿ ಎರಡು ತುದಿಗಳಲ್ಲಿಯೂ ಇಳಿಗೊಳವೆಯನ್ನಿಡುವುದು ಉತ್ತಮ.

(ಆ) ಸ್ಥಾನ: ಹಂಚಿನ ತುದಿಯು ದಂಬೆಯೊಳಕ್ಕೆ ಸುಮಾರು ಎರಡು ಅಂಗುಲ ಚಾಚಿರಬೇಕು. ದಂಬೆಯ ಹೊರ ಅಂಚು ಒಳ ಅಂಚಿಗಿಂತ ತುಸು ತಗ್ಗಾಗಿರಲಿ. ತುಂಬಿದ ನೀರು ಆಗ ಪಕಾಸಿಯ ಕಡೆಗೆ ಚೆಲ್ಲದೆ ಅಂಗಳದ ಕಡೆಗೆ ಚೆಲ್ಲುವುದು.

(ಇ) ಕೊಕ್ಕೆಗಳು: ಆರು ಅಂಗುಲದ ಅರೆಗೋಲ ದಂಬೆ ತುಂಬಿದಾಗ ಮೀಟರಿಗೆ ಸುಮಾರು ೯ ಕಿಲೋಗ್ರಾಂ ನೀರಿನ ಭಾರವಿರುವುದು. ಹತ್ತು ಮೀಟರಿನ ದಂಬೆಯು ಎರಡು ಅಕ್ಕಿಮೂಟೆಯ ಭಾರವನ್ನು ಹೊತ್ತಂತಾಯಿತು. ಆದ್ದರಿಂದ ಎರಡು ಅಡಿಗೊಂದು ಕೊಕ್ಕೆಯನ್ನು ಗಟ್ಟಿಯಾದ ಪಕಾಸಿಗೇ ಬಿಗಿಯತಕ್ಕದ್ದು. ಕೊಳೆತ ಪಕಾಸಿಗೆ ಹೊಸ ದಂಬೆ ಕಟ್ಟಿದರೆ ಎರಡೂ ಒಟ್ಟಿಗೆ ಬೀಳುವುವು.

(ಈ) ಸಂದುಗಳು: ಮೇಲಿನ ತುಂಡಿನ ತುದಿಯು ಕೆಳಗಿನ ತುಂಡಿನ ಒಳಗೆ ಕೂರಬೇಕು. ತಿರುಗುಮುರುಗಾದರೆ ಪ್ರತಿ ಸಂದಿಯಲ್ಲಿಯೂ ನೀರು ಸೋರುವುದು.

(ಉ) ಇಳಿಗೊಳವೆ: ಮೂರರಿಂದ ನಾಲ್ಕು ಅಂಗುಲದ್ದಿರಲಿ. ಬಾಯಿಗೆ ತಂತಿಯ ಬಲೆಯನ್ನು ಗುಮ್ಮಟದಂತೆ ಉಬ್ಬಿಸಿ ಇಟ್ಟರೆ ಎಲೆಗಳು ತಡೆಯಲ್ಪಡುವುವು. ಬಲೆಯನ್ನು ಚಪ್ಪಟೆಯಾಗಿಟ್ಟರೆ ಒಂದೇ ಹಲಸಿನೆಲೆಯು ಅದನ್ನು ಮುಚ್ಚಬಲ್ಲದು.

೭. ನೀರಿನ ಕೊನೆಯ ದಾರಿ

ಇಳಿಗೊಳವೆಯ ಬಾಯಿಯ ಕೆಳಗೆ ಚಪ್ಪಡಿಯೊಂದನ್ನು ಹಾಸಿ, ಅಲ್ಲಿಂದ ಗಟ್ಟಿ ತಳದ ಗಟಾರದಲ್ಲಿ ನೀರನ್ನು ಒಯ್ಯಬೇಕು. ಗೋಡೆಯ ಸುತ್ತ ಮೂರು ಅಡಿ ಅಗಲ ನೆಲವು ಹೊರಕ್ಕೆ ಇಳಿಜಾರಾಗಿರಲಿ. ಅಡಿಕೆ ತೋಟದ ಕಡೆಗೆ ನೀರು ಬಿಡುವವರು ಅದು ಮರದ ಬುಡದಲ್ಲಿ ನಿಲ್ಲದೆ ಕಾದಿಗೆಯಲ್ಲಿ ಬಸಿದು ಹೋಗುವಂತೆ ನೋಡತಕ್ಕದ್ದು. ಏಪ್ರಿಲ್ ಮೇ ತಿಂಗಳಲ್ಲಿ ಬತ್ತುವ ಬಾವಿಯುಳ್ಳವರು ಮೊದಲ ಕೆಲವು ಮಳೆಯ ಕೊಳೆನೀರನ್ನು ಹೊರಬಿಟ್ಟು, ಅನಂತರದ ತಿಳಿನೀರನ್ನು ಜಲ್ಲಿ ಮರಳುಗಳ ತೊಟ್ಟಿಯಲ್ಲಿ ಸೋಸಿ ಬಾವಿಗೆ ಬಿಡಬಹುದು. ಆದರೆ ಇಂಗುಗುಂಡಿಯನ್ನು ಧರೆಯ ತಲೆಯ ಮೇಲಾಗಲಿ, ಪಾಯಖಾನೆಯ ಗುಂಡಿಯ ಸಮೀಪದಲ್ಲಾಗಲಿ ತೋಡಲೇಕೂಡದು.

ಧರೆಯ ವಿಷಯದಲ್ಲಿ ಉದಾಸೀನವು ಪ್ರಾಣಕ್ಕೆ ಎರವಾಗುವುದು. ೨೦೨೨ನೆಯ ಇಸವಿ ಆಗಸ್ಟ್ ೧ ಮತ್ತು ೨ರ ನಡುವೆ ಭಟ್ಕಳದಲ್ಲಿ ಒಂದೇ ಅಹೋರಾತ್ರಿಯಲ್ಲಿ ೫೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು, ಮುಟ್ಟಳ್ಳಿಯಲ್ಲಿ ಗುಡ್ಡವು ಮನೆಯ ಮೇಲೆ ಕುಸಿದು ನಾಲ್ವರು ಮೃತರಾದರು. ಅಂಥ ಮಳೆಯ ಮುಂದೆ ದಂಬೆಯು ಅಲ್ಪವಸ್ತು, ದಂಬೆಯಿದ್ದರೆ ಗುಡ್ಡ ನಿಲ್ಲುತ್ತಿತ್ತೆಂದು ಯಾರೂ ಹೇಳಲಾಗದು. ಆದರೆ ಅಂಥ ದಿನ ೧೦೦ ಚದರ ಮೀಟರಿನ ಮಾಡೊಂದರಿಂದಲೇ ೫೦,೦೦೦ ಲೀಟರು ನೀರಿಳಿಯುವುದೆಂಬುದನ್ನು ಎಣಿಸಿ ನೋಡಬೇಕು. ಮೊದಲೇ ನೆನೆದು ತೂಗಿದ ಮಣ್ಣಿಗೆ ಈ ನೀರನ್ನೂ ನಮ್ಮ ಕೈಯಾರೆ ಕುಡಿಸಬಾರದು.

ಮನೆಗಾಗಿ ಗುಡ್ಡ ಕಡಿದವರು ಧರೆಯ ಮೇಲಂಚಿನಿಂದ ಹಿಂದಕ್ಕೆ ತಡೆಗಾಲುವೆಯನ್ನು ತೋಡಿ, ನೀರು ಇಂಗದಂತೆ ಕಲ್ಲು ಗಾರೆಗಳಿಂದ ಕಟ್ಟಿ, ಮಗ್ಗುಲ ಹಳ್ಳಕ್ಕೆ ತಿರುಗಿಸತಕ್ಕದ್ದು. ಹಿಂಬದಿಯ ಮಾಡಿನ ನೀರು ಧರೆಯ ಬುಡದಲ್ಲಿ ನಿಲ್ಲದಂತೆ ದಂಬೆಯಿಂದಲೇ ಮುಂದಣ ಗಟಾರಕ್ಕೆ ಸಾಗಿಸತಕ್ಕದ್ದು. ಧರೆಯ ಮೇಲೆ ಹೊಸ ಬಿರುಕು, ಓರೆಯಾದ ಮರ, ಬುಡದಲ್ಲಿ ಇದ್ದಕ್ಕಿದ್ದಂತೆ ಒಸರುವ ಕೆಸರುನೀರು, ಇವುಗಳಲ್ಲಿ ಒಂದು ಕಂಡರೂ ಮಕ್ಕಳು ಮರಿ ಸಹಿತ ಆ ಕ್ಷಣವೇ ಮನೆ ಬಿಡತಕ್ಕದ್ದು. ಸಾಮಾನಿಗಾಗಿ ತಡೆಯಬಾರದು.

೮. ಊರ ಮುಖಂಡರಿಗೆ

ಗುಡ್ಡದ ಓರೆಯಲ್ಲಿ ಮೆಟ್ಟಲು ಮೆಟ್ಟಲಾಗಿ ಮನೆಗಳಿರುವ ಕೇರಿಗಳಲ್ಲಿ ಮೇಲಿನ ಮನೆಯ ಅಂಗಳವೇ ಕೆಳಗಿನ ಮನೆಯ ಧರೆ. ಮೇಲಿನವನು ದಂಬೆ ಕಟ್ಟಿ ನೀರನ್ನು ಒಂದೇ ಕಡೆಗೆ ಬಿಟ್ಟರೆ ಅವನ ಗೋಡೆ ಉಳಿಯಿತು, ಕೆಳಗಿನವನ ಧರೆ ಕೊರೆಯಿತು. ಇಂಥ ನೀರಿನ ವ್ಯಾಜ್ಯಗಳನ್ನು ಮಳೆಯ ನಡುವೆ ತೀರ್ಮಾನಿಸುವುದು ಕಷ್ಟ. ಆದಕಾರಣ ಮುಖಂಡರು ಮೇ ತಿಂಗಳ ಮೊದಲಲ್ಲಿ ಇಬ್ಬರನ್ನೂ ಕೂಡಿಸಿ, ಗುಡ್ಡದ ತಲೆಯಿಂದ ಹಳ್ಳದವರೆಗೆ ನೀರಿನ ದಾರಿಯನ್ನು ನಡೆದು ನೋಡಿ, ಸಾಮಾನ್ಯ ಗಟಾರವೊಂದನ್ನು ಗೊತ್ತುಮಾಡಿಸಬೇಕು. ಅದು ದಾರಿಯನ್ನು ದಾಟುವ ಕಡೆ ಮೋರಿಗಾಗಿ ಗ್ರಾಮ ಪಂಚಾಯತಿಗೆ ಮೊದಲೇ ಬರೆದುಕೊಳ್ಳತಕ್ಕದ್ದು. ಕೂಲಿಗೆ ಶಕ್ತಿಯಿಲ್ಲದ ವೃದ್ಧರ, ವಿಧವೆಯರ ಮನೆಯ ದಂಬೆಗಳನ್ನು ಕೇರಿಯ ಯುವಕರಿಂದ ಒಂದು ದಿನದಲ್ಲಿ ಶುದ್ಧಮಾಡಿಸಬಹುದು.

೯. ಸಾರಾಂಶ

ರೋಹಿಣಿ ಮಳೆಯೊಳಗೆ ದಂಬೆಯನ್ನು ಶುದ್ಧಮಾಡಿ ನೀರು ಹೊಯ್ದು ಪರೀಕ್ಷಿಸಿರಿ. ಆರು ಅಂಗುಲ ಅಗಲ, ಹತ್ತು ಅಡಿಗೆ ಅರ್ಧ ಅಂಗುಲ ತಗ್ಗು, ಎರಡು ಅಡಿಗೊಂದು ಕೊಕ್ಕೆ ಎಂಬ ಮೂರು ಅಳತೆಗಳನ್ನು ನೆನಪಿಡಿರಿ. ಕೊಟ್ಟಿಗೆಗೂ ದಂಬೆ ಕಟ್ಟಿರಿ. ನೀರನ್ನು ಗೋಡೆಗೂ ಧರೆಗೂ ನೆರೆಯವನಿಗೂ ಬಿಡದೆ ಹಳ್ಳಕ್ಕೆ ಮುಟ್ಟಿಸಿರಿ. ಹೀಗೆ ಮಾಡಿದಲ್ಲಿ ಮಳೆಯು ಗದ್ದೆಗೆ ಐಶ್ವರ್ಯವನ್ನು ತರುವುದಲ್ಲದೆ ಮನೆಗೆ ಕೇಡನ್ನು ತಾರದು.