ದಂಡೆಯ ಹುಲಿ ಜೀರುಂಡೆಗಳು: ನೆಲೆ ಮತ್ತು ಸಂರಕ್ಷಣೆ

ಬೆಳೆ ತಿನ್ನುವ ಕೀಟಗಳ ಪರಿಚಯ ರೈತರಿಗೆ ಸಾಕಷ್ಟಿದೆ. ಕೀಟಗಳನ್ನೇ ಹಿಡಿದು ತಿನ್ನುವ ಕೀಟಗಳ ಪರಿಚಯ ಅಷ್ಟಾಗಿ ಇಲ್ಲ. ಹುಲಿ ಜೀರುಂಡೆ ಈ ಎರಡನೆಯ ಗುಂಪಿಗೆ ಸೇರಿದ್ದು. ಇದರ ಕೆಲವು ಜಾತಿಗಳು ಸಮುದ್ರ ಮತ್ತು ನದಿಗಳ ದಂಡೆಯನ್ನು ಬಿಟ್ಟು ಬೇರೆಲ್ಲೂ ಬದುಕಲಾರವು. ಅಮೆರಿಕದ ಪೂರ್ವ ಕರಾವಳಿಯಲ್ಲಿ ಇಂಥ ಎರಡು ಜಾತಿಗಳು ಅಳಿವಿನಂಚಿಗೆ ಬಂದ ಬಗೆ ತಿಳಿಯತಕ್ಕದ್ದಾಗಿದೆ.

ಜೀವನ ಚರಿತ್ರೆ

ಮೊದಲನೆಯದು ಈಶಾನ್ಯ ಕಡಲತೀರದ ಹುಲಿ ಜೀರುಂಡೆ. ಪ್ರೌಢ ಕೀಟ ಸುಮಾರು 13ರಿಂದ 15 ಮಿಲಿಮೀಟರ್ ಉದ್ದವಿದ್ದು, ಮರಳಿನಲ್ಲಿ ಬೆರೆತುಹೋಗುವಂಥ ತಿಳಿ ಬಣ್ಣದ ರೆಕ್ಕೆಗಳನ್ನು ಹೊಂದಿದೆ. ಬೇಸಿಗೆಯ ಬಿಸಿಲಿನಲ್ಲಿ ನೀರಿನಂಚಿನಲ್ಲಿ ಓಡಾಡುತ್ತ ನೊಣ ಮುಂತಾದವುಗಳನ್ನು ಹಿಡಿಯುತ್ತದೆ. ಸತ್ತ ಮೀನನ್ನೂ ತಿನ್ನುತ್ತದೆ.

ಹೆಣ್ಣು ಮರಳಿನಲ್ಲಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಅಲ್ಲಿಯೇ ನೆಟ್ಟಗೆ ಬಿಲ ತೋಡಿ, ತಲೆಯಿಂದ ಅದರ ಬಾಯಿ ಮುಚ್ಚಿಕೊಂಡು ಬೇಟೆಗಾಗಿ ಕಾಯುತ್ತದೆ. ಬೆನ್ನಿನ ಗೂನಿನ ಮೇಲಿನ ಕೊಕ್ಕೆಗಳನ್ನು ಬಿಲದ ಗೋಡೆಗೆ ಸಿಕ್ಕಿಸಿಕೊಳ್ಳುವುದರಿಂದ, ಹಿಡಿದ ಬೇಟೆ ಎಷ್ಟೇ ಒದ್ದಾಡಿದರೂ ಅದನ್ನು ಹೊರಗೆಳೆಯಲಾರದು. ಮರಿಹುಳು ಪ್ರೌಢವಾಗಲು ಸಾಮಾನ್ಯವಾಗಿ 2 ವರ್ಷ ಬೇಕು. ಪ್ರೌಢ ಕೀಟದ ಬಾಳು ಕೆಲವೇ ವಾರಗಳದ್ದು. ಆದ್ದರಿಂದ ಜಾತಿಯ ಉಳಿವು ಹೆಚ್ಚಾಗಿ ಬಿಲದ ಭದ್ರತೆಯನ್ನೇ ಅವಲಂಬಿಸಿದೆ.

ಅವನತಿಗೆ ಕಾರಣಗಳು

ಒಂದು ಕಾಲದಲ್ಲಿ ಮ್ಯಾಸಚೂಸೆಟ್ಸ್‌ನಿಂದ ನ್ಯೂಜೆರ್ಸಿಯವರೆಗಿನ ಕಡಲತೀರದಲ್ಲಿ ಇವು ಹಿಂಡುಹಿಂಡಾಗಿದ್ದವು. ಚೆಸಪೀಕ್ ಕೊಲ್ಲಿಯ ದಂಡೆಯಲ್ಲಿಯೂ ಇದ್ದವು. ಮರಳಿನ ಮೇಲೆ ವಾಹನಗಳ ಓಡಾಟ ಹೆಚ್ಚಿದಂತೆ ಬಿಲಗಳು ಕುಸಿದು ಮರಿಹುಳುಗಳು ಸತ್ತವು. ದಂಡೆಯ ಕೊರೆತ ತಡೆಯಲು ಕಟ್ಟಿದ ಗೋಡೆಗಳು ಮರಳ ಪಟ್ಟಿಯನ್ನು ಕಿರಿದಾಗಿಸಿದವು. ಕೀಟ ಕಣ್ಣಿಗೆ ಬೀಳುವುದು ಬೇಸಿಗೆಯಲ್ಲಿ ಮಾತ್ರ; ಹಾನಿಯಾದರೋ ವರ್ಷವಿಡೀ ನಡೆಯಿತು.

ಎರಡನೆಯದಾದ ಪ್ಯೂರಿಟನ್ ಹುಲಿ ಜೀರುಂಡೆ ಕನೆಕ್ಟಿಕಟ್ ನದಿಯ ದಂಡೆಯಲ್ಲಿಯೂ ಮೇರಿಲ್ಯಾಂಡ್ ರಾಜ್ಯದಲ್ಲಿ ಚೆಸಪೀಕ್ ಕೊಲ್ಲಿಯ ಬಳಿಯೂ ಇದೆ. ಕೊಲ್ಲಿಯ ಬಳಿ ಮರಿಹುಳುಗಳು ಬಿಲ ತೋಡುವುದು ಬರಿಯ ಮಣ್ಣಿನ ಕಡಿದಾದ ದಡಗಳಲ್ಲಿ. ಅಲೆ ಬಡಿದು ದಡ ಆಗಾಗ್ಗೆ ಕುಸಿದರೆ ಮಾತ್ರ ಮಣ್ಣು ಬರಿದಾಗಿ ಉಳಿಯುತ್ತದೆ. ಕುಸಿತ ನಿಂತರೆ ಗಿಡಗಂಟಿ ಹಬ್ಬಿ ನೆಲೆ ಹೋಗುತ್ತದೆ. ಮಣ್ಣಿನ ಸವಕಳಿ ತಡೆಯುವುದನ್ನೇ ಕಲಿತ ಬೇಸಾಯಗಾರರಿಗೆ ಇದು ವಿಚಿತ್ರವೆನಿಸಬಹುದು. ದಡದ ಮೇಲೆ ಮನೆ ಕಟ್ಟಿದವರಿಗೆ ಕುಸಿತ ನಿಲ್ಲಬೇಕು, ಕೀಟಕ್ಕೆ ಕುಸಿತ ಬೇಕು. ಸಂರಕ್ಷಣೆಯ ನಿಜವಾದ ತೊಡಕು ಇಲ್ಲಿದೆ.

ಸಂರಕ್ಷಣೆ

1990ರಲ್ಲಿ ಅಮೆರಿಕ ಸರ್ಕಾರವು ಎರಡನ್ನೂ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. 1990ರ ದಶಕದಲ್ಲಿ ಕಡಲತೀರದ ಜಾತಿಯ ಮರಿಹುಳುಗಳನ್ನು ಚೆಸಪೀಕ್ ಕೊಲ್ಲಿಯಿಂದ ತಂದು ನ್ಯೂಜೆರ್ಸಿಯ ಸ್ಯಾಂಡಿ ಹುಕ್ ತೀರದಲ್ಲಿ ಬಿಡಲಾಯಿತು. ಆದರೆ ನೆಲೆ ಸರಿಯಿಲ್ಲದ ಕಡೆ ಹುಳುಗಳನ್ನು ತಂದು ಬಿಟ್ಟು ಫಲವಿಲ್ಲ. ಇರುವ ನೆಲೆಯನ್ನು ಕಾಯುವುದೇ ಮೊದಲ ಕೆಲಸ.

ನಮ್ಮಲ್ಲಿ ಗಮನಿಸಬೇಕಾದ ಅಂಶಗಳು

ಕರ್ನಾಟಕದ ನದಿದಂಡೆಗಳಲ್ಲಿಯೂ ಹುಲಿ ಜೀರುಂಡೆಯ ಬೇರೆ ಜಾತಿಗಳಿವೆ. ಹೊಳೆಯಂಚಿನಲ್ಲಿ ಜಮೀನುಳ್ಳವರು ಹೀಗೆ ಮಾಡಬಹುದು:

1. ಬೆಳಗಿನ ಹೊತ್ತು ಬರಿಯ ಮರಳು ಅಥವಾ ಮೆಕ್ಕಲು ನೆಲವನ್ನು ನೋಡಬೇಕು. ಬರೆದಿಟ್ಟಂತೆ ದುಂಡಗಿರುವ ಸಣ್ಣ ತೂತು, ಹತ್ತಿರ ಹೋದೊಡನೆ ಒಳಗೆ ಜಾರುವ ತಲೆ ಇದ್ದರೆ ಅದು ಮರಿಹುಳುವಿನ ಬಿಲವಿರಬಹುದು.

2. ಅಂಥ ಜಾಗದಲ್ಲಿ ಟ್ರ್ಯಾಕ್ಟರ್, ಗಾಡಿ ಓಡಿಸಬಾರದು, ಮರಳು ತೆಗೆಯಬಾರದು.

3. ಕೀಟನಾಶಕ ಸಿಂಪಡಿಸುವಾಗ ನೀರಿನಂಚಿನ ಪಟ್ಟಿಯನ್ನು ಬಿಡಬೇಕು.

4. ಹೊಲಕ್ಕೆ ಅಪಾಯವಿರುವ ಕಡೆ ದಡವನ್ನು ಭದ್ರಪಡಿಸಲೇಬೇಕು. ಅಪಾಯವಿಲ್ಲದ ಕಡೆ ಬರಿಯ ದಡವನ್ನು ಇದ್ದ ಹಾಗೆಯೇ ಬಿಡುವುದು ಲೇಸು.

ಏನೂ ಬೆಳೆಯದ ಮರಳನ್ನು ಪಾಳು ಎನ್ನುವುದು ವಾಡಿಕೆ. ಆ ಪಾಳಿನಲ್ಲಿಯೇ ಒಂದು ಜೀವಿ ತನ್ನ ಬಾಳಿನ ಬಹುಭಾಗವನ್ನು ಕಳೆಯುತ್ತದೆ ಎಂಬುದನ್ನು ಮರಳು ತೆಗೆಯುವ ಮುನ್ನ ನೆನೆಯಬೇಕು.